ಕುಳ್ಳರ ಅಚ್ಚುಕೂಟ, ರಕ್ತಪಿಶಾಚಿಯ ಕ್ಯಾಮೆರಾ

ಪತ್ರಿಕೆ ಹುಟ್ಟಿದ ಕಥೆಯನ್ನು ನಾವು ಸಾಮಾನ್ಯವಾಗಿ ಸಂಪಾದಕರಿಂದ ಶುರುಮಾಡುತ್ತೇವೆ. ಒಬ್ಬ ದಿಟ್ಟ ಮನುಷ್ಯ, ಅವನಿಗೊಂದು ಆದರ್ಶ, ಎದುರಿಗೊಂದು ಸರ್ಕಾರ. ಇಂಗ್ಲಿಷ್ ಲೇಖಕ ಟೆರಿ ಪ್ರಾಚೆಟ್ 2000ದಲ್ಲಿ ಪ್ರಕಟಿಸಿದ ‘ದಿ ಟ್ರೂತ್’ ಕಾದಂಬರಿ ಶುರುವಾಗುವುದು ಒಂದು ಗಾಳಿಸುದ್ದಿಯಿಂದ. ಊರಿಗೆ ಬಂದ ಕುಳ್ಳರು ಸೀಸವನ್ನು ಚಿನ್ನ ಮಾಡುತ್ತಾರಂತೆ! ಸುದ್ದಿ ಬಾಯಿಂದ ಬಾಯಿಗೆ ಊರೆಲ್ಲ ಸುತ್ತುತ್ತದೆ. ನಂಬುವವರು ಕಡಿಮೆ, ಕೇಳಿ ಸುಮ್ಮನಿರುವವರು ಇನ್ನೂ ಕಡಿಮೆ. ಕೊನೆಗೆ ನೋಡಿದರೆ ಸುದ್ದಿ ನಿಜವೇ. ಆ ಸೀಸ ಅಚ್ಚುಮೊಳೆಯ ಸೀಸ, ಅಂದರೆ ಕಾಗದದ ಮೇಲೆ ಒತ್ತುವ ಬಿಡಿ ಲೋಹದ ಅಕ್ಷರಗಳ ಸೀಸ.

ಈ ಒಂದು ನಗೆಯಲ್ಲೇ ಇಡೀ ಕಾದಂಬರಿಯ ತಿರುಳಿದೆ. ಊರಿಗೆ ಮೊದಲು ಬಂದದ್ದು ಯಂತ್ರ. ಅದರ ಹೊಟ್ಟೆಗೆ ದಿನಾ ಏನಾದರೂ ಹಾಕಬೇಕು. ಹಾಕಲು ಸಿಕ್ಕಿದ್ದು ಸುದ್ದಿ. ಸತ್ಯದ ಪ್ರಶ್ನೆ ಎದ್ದದ್ದು ಆಮೇಲೆ. ಪತ್ರಿಕೋದ್ಯಮದ ಬಗ್ಗೆ ಬಂದ ಬೇರೆ ಕಥೆಗಳಿಗಿಂತ ಇದು ನಿಜಕ್ಕೆ ಹತ್ತಿರ ಅನ್ನಿಸುವುದು ಈ ಕ್ರಮವನ್ನು ಸರಿಯಾಗಿ ಹಿಡಿದಿರುವುದರಿಂದ. ಪ್ರಾಚೆಟ್‌ಗೆ ಇದು ಕೇಳಿ ಗೊತ್ತಾದದ್ದಲ್ಲ. 1965ರಲ್ಲಿ, ಹದಿನೇಳು ವರ್ಷಕ್ಕೆ ಶಾಲೆ ಬಿಟ್ಟು, ‘ಬಕ್ಸ್ ಫ್ರೀ ಪ್ರೆಸ್’ ಎಂಬ ಸ್ಥಳೀಯ ಪತ್ರಿಕೆಗೆ ಸೇರಿದವರು ಅವರು.

ಕಥೆ ನಡೆಯುವುದು ಡಿಸ್ಕ್‌ವರ್ಲ್ಡ್ ಎಂಬ ಕಲ್ಪಿತ ಲೋಕದ ಅಂಖ್-ಮೊರ್ಪೋರ್ಕ್ ನಗರದಲ್ಲಿ. ವಿಲಿಯಂ ಡಿ ವರ್ಡ್ ಸಿರಿವಂತರ ಮನೆಯ ಹುಡುಗ. ಅಪ್ಪನೊಂದಿಗೆ ಸರಿಬರದೆ ಬಾಡಿಗೆ ಕೋಣೆಯಲ್ಲಿದ್ದಾನೆ. ಹೊಟ್ಟೆಪಾಡಿಗೆ ತಿಂಗಳಿಗೊಂದು ಸುದ್ದಿಪತ್ರ ಬರೆದು ಪರದೇಶದ ನಾಲ್ಕೈದು ಗಣ್ಯರಿಗೆ ಕಳಿಸುತ್ತಾನೆ. ಒಬ್ಬ ಗಿರಾಕಿಯಂತೂ ಹಣದ ಬದಲು ಗಾಡಿಯಲ್ಲಿ ಅಂಜೂರ ಕಳಿಸುತ್ತಾನೆ. ಪತ್ರ ಬರೆದಾದ ಮೇಲೆ ಕೆತ್ತನೆಗಾರನ ಬಳಿ ಒಯ್ಯುತ್ತಾನೆ, ಅವನು ಅದನ್ನು ಮರದ ಹಲಗೆಯ ಮೇಲೆ ತಿರುಗುಮುರುಗಾಗಿ ಕೆತ್ತಿ, ಕೆಲವು ಪ್ರತಿ ಒತ್ತಿ ಕೊಡುತ್ತಾನೆ.

ಇಲ್ಲಿ ಸ್ವಲ್ಪ ನಿಲ್ಲೋಣ. ಮರದ ಹಲಗೆಯಲ್ಲಿ ಒಂದು ಪುಟ ಕೆತ್ತಿದರೆ ಅದು ಆ ಪುಟಕ್ಕೆ ಮಾತ್ರ. ಒಂದಕ್ಷರ ತಪ್ಪಿದರೆ ಆ ಜಾಗವನ್ನು ಕೊರೆದು ಬೇರೆ ಮರದ ತುಂಡು ಕೂರಿಸಬೇಕು. ಮುಂದಿನ ತಿಂಗಳಿಗೆ ಹಲಗೆ ಒಲೆಗೆ. ಹೀಗಿರುವಾಗ ಸುದ್ದಿ ತಿಂಗಳಿಗೊಮ್ಮೆ ಬಂದರೇ ಹೆಚ್ಚು. ಬಿಡಿಬಿಡಿ ಮೊಳೆ ಬಂದದ್ದೇ ಲೆಕ್ಕವೆಲ್ಲ ತಲೆಕೆಳಗಾಯಿತು. ಇವತ್ತು ರಾಜನ ಹೆಸರಿನಲ್ಲಿದ್ದ ‘ರ’ ನಾಳೆ ಕಳ್ಳನ ಹೆಸರಿನಲ್ಲಿ ಕೂರಬಹುದು. ಕಾದಂಬರಿಯ ಮಾಂತ್ರಿಕರಿಗೆ ಭಯ ಇದೇ. ಮಂತ್ರದ ಪುಸ್ತಕ ಅಚ್ಚುಮಾಡಿದ ಮೊಳೆಗಳನ್ನೇ ಬಿಚ್ಚಿ ಅಡುಗೆ ಪುಸ್ತಕಕ್ಕೆ ಜೋಡಿಸಿದರೆ? ಲೋಹಕ್ಕೆ ನೆನಪಿದ್ದರೆ? ಕೇಳಲು ತಮಾಷೆಯಾಗಿದೆ. ಆದರೆ ಮೊಳೆಗೆ ಹೆದರಿದ ಅಧಿಕಾರ ನಮ್ಮ ನೆಲದಲ್ಲೂ ಇತ್ತು, ಆ ವಿಷಯಕ್ಕೆ ಆಮೇಲೆ ಬರುತ್ತೇನೆ.

ಕುಳ್ಳರ ನಾಯಕನ ಹೆಸರು ಗುನಿಲ್ಲಾ ಗುಡ್‌ಮೌಂಟನ್. ಜರ್ಮನ್‌ನಲ್ಲಿ ‘ಒಳ್ಳೆಯ ಬೆಟ್ಟ’ ಅಂದರೆ ಏನು? ಗುಟೆನ್‌ಬರ್ಗ್, ಯುರೋಪಿಗೆ ಬಿಡಿಮೊಳೆಯ ಅಚ್ಚು ತಂದವನ ಹೆಸರು. ನಾಯಕ ಡಿ ವರ್ಡ್ ಹೆಸರೂ ಸುಮ್ಮನೆ ಬಂದದ್ದಲ್ಲ. ಇಂಗ್ಲೆಂಡಿನ ಮೊದಲ ಮುದ್ರಕ ಕ್ಯಾಕ್ಸ್‌ಟನ್‌ನ ಸಹಾಯಕನಾಗಿದ್ದ ವಿಂಕಿನ್ ಡಿ ವರ್ಡ್, 1500ರ ಹೊತ್ತಿಗೆ ಲಂಡನ್ನಿನ ಫ್ಲೀಟ್ ಸ್ಟ್ರೀಟಿಗೆ ಅಚ್ಚುಕೂಟ ತಂದವನು. ಮುಂದೆ ಆ ಬೀದಿಯ ಹೆಸರೇ ಪತ್ರಿಕೆಗಳಿಗೆ ಇನ್ನೊಂದು ಹೆಸರಾಯಿತು. ಇಂಗ್ಲೆಂಡಿನ ಮೊದಲ ದಿನಪತ್ರಿಕೆ ‘ಡೈಲಿ ಕೂರಾಂಟ್’ 1702ರಲ್ಲಿ ಹೊರಬಂದದ್ದೂ ಅಲ್ಲಿಂದಲೇ. ಇನ್ನೊಂದು ಮಾತು. ನಿಜವಾದ ಗುಟೆನ್‌ಬರ್ಗ್‌ಗೆ ಸೀಸ ಚಿನ್ನವಾಗಲಿಲ್ಲ. 800 ಗಿಲ್ಡರ್‌ನಂತೆ ಎರಡು ಸಲ ಸಾಲ ಮಾಡಿದ, 1455ರಲ್ಲಿ ಸಾಲ ಕೊಟ್ಟ ಫುಸ್ಟ್ ದಾವೆ ಹೂಡಿದ, ಕೈಯಲ್ಲಿದ್ದ ಕೆಲಸ ಕೈತಪ್ಪಿತು.

ಈಗ ಅಚ್ಚುಕೂಟದ ಒಳಗೆ ಹೋಗೋಣ. ಬರೀ ಸೀಸದಿಂದ ಮೊಳೆ ಆಗುವುದಿಲ್ಲ, ಅದು ಮೆತ್ತಗೆ. ನಾಲ್ಕು ಸಲ ಒತ್ತಿದರೆ ಅಕ್ಷರದ ಮೂಗು ಚಪ್ಪಟೆ. ಗಡಸುತನಕ್ಕೆ ಆಂಟಿಮನಿ ಬೆರೆಸುತ್ತಾರೆ. ಆರುವಾಗ ಲೋಹ ಹೆಚ್ಚು ಕುಗ್ಗದಂತೆ ಅದು ನೋಡಿಕೊಳ್ಳುತ್ತದೆ, ಹಾಗಾಗಿ ಅಚ್ಚಿನ ಮೂಲೆಮೂಲೆಯೂ ತುಂಬಿ ಅಂಚು ಚೂಪಾಗಿ ಬರುತ್ತದೆ. ಚೆನ್ನಾಗಿ ಹರಿಯಲು ಸ್ವಲ್ಪ ತವರ. ನೂರು ಪಾಲಿನಲ್ಲಿ 84 ಸೀಸ, 12 ಆಂಟಿಮನಿ, 4 ತವರ ಹಾಕಿದರೆ ಮಿಶ್ರಣ ಸುಮಾರು 240 ಡಿಗ್ರಿ ಸೆಲ್ಸಿಯಸ್‌ಗೇ ಕರಗುತ್ತದೆ. ಒಂಟಿ ಸೀಸಕ್ಕೆ 327 ಡಿಗ್ರಿ ಬೇಕು. ಈ ಅಂಕಿ ನೆನಪಿಟ್ಟುಕೊಳ್ಳಿ, ಏಕೆಂದರೆ ಕಾದಂಬರಿಯ ಅತ್ಯಂತ ಭಯಾನಕ ದೃಶ್ಯ ನಿಂತಿರುವುದು ಇದರ ಮೇಲೆ. ಅಚ್ಚುಕೂಟಕ್ಕೆ ಬೆಂಕಿ ಬೀಳುತ್ತದೆ. ಪಿನ್ ಮತ್ತು ಟುಲಿಪ್ ಎಂಬ ಇಬ್ಬರು ಬಾಡಿಗೆ ಕೊಲೆಗಾರರು ಕೆಳಗಿನ ನೆಲಮಾಳಿಗೆಯಲ್ಲಿ ಅಡಗಿದ್ದಾರೆ. ಮೇಲಿನ ಮೊಳೆಗಳೆಲ್ಲ ಕರಗಿ ಹಲಗೆಯ ಸಂದಿನಿಂದ ಹನಿಹನಿಯಾಗಿ ಇಳಿಯುತ್ತವೆ. ಮರ ಉರಿಯುವ ಬೆಂಕಿಗೆ 240 ಡಿಗ್ರಿ ಏನೂ ಅಲ್ಲ. ಮಾಂತ್ರಿಕ ಲೋಕದಲ್ಲಿ ಕೊಲೆಗಾರರಿಗೆ ಶಿಕ್ಷೆ ಕೊಡುವುದು ಮಂತ್ರವಲ್ಲ, ಲೋಹಶಾಸ್ತ್ರ.

ಕೆಲಸದ ವೇಗಕ್ಕೆ ಬರೋಣ. ಕೈಯಲ್ಲಿ ಮೊಳೆ ಜೋಡಿಸುವ ನುರಿತ ಕಂಪೋಸಿಟರ್ ಗಂಟೆಗೆ ಸುಮಾರು 1,000 ಅಕ್ಷರ ಜೋಡಿಸುತ್ತಾನೆ. ಎಡಗೈಯಲ್ಲಿ ಮೊಳೆಗಳನ್ನು ಸಾಲಾಗಿ ಕೂರಿಸುವ ಕಂಪೋಸಿಂಗ್ ಸ್ಟಿಕ್, ಬಲಗೈ ಕೇಸಿನ, ಅಂದರೆ ಮೊಳೆ ಇಡುವ ತಟ್ಟೆಯ, ಮನೆಗಳ ಮೇಲೆ. ಅವನು ಅಕ್ಷರದ ಮುಖ ನೋಡುತ್ತ ಕೂರುವುದಿಲ್ಲ, ಮೊಳೆಯ ಮೈಮೇಲಿನ ಗೀರು ಬೆರಳಿಗೆ ಸಿಕ್ಕರೆ ಸಾಕು, ಯಾವ ಕಡೆ ಮೇಲು ಎಂದು ಗೊತ್ತಾಗುತ್ತದೆ. ಒಂದು ಪುಟಕ್ಕೆ 6,000 ಅಕ್ಷರ ಎಂದುಕೊಳ್ಳಿ. ನಾಲ್ಕು ಪುಟಕ್ಕೆ 24,000. ಒಬ್ಬನಿಗೆ ಇಡೀ ಒಂದು ದಿನ ಮತ್ತು ರಾತ್ರಿ, ಆರು ಜನರಿದ್ದರೆ ನಾಲ್ಕು ಗಂಟೆ. ಆಮೇಲೆ ಕರಡು ತೆಗೆದು ತಿದ್ದಬೇಕು, ಪುಟ ಕಟ್ಟಬೇಕು, ಕಬ್ಬಿಣದ ಚೌಕಟ್ಟಿನಲ್ಲಿ ಬೆಣೆ ಹೊಡೆದು ಬಿಗಿಯಬೇಕು. ಬಿಗಿ ಸಾಲದಿದ್ದರೆ ಎತ್ತುವಾಗ ನಡುವಿನ ಮೊಳೆಗಳು ಉದುರುತ್ತವೆ. ಎರಡು ಗಂಟೆಯ ಕೆಲಸ ನೆಲದ ಮೇಲೆ ರಾಶಿ.

ಮುದ್ರಣ ಇನ್ನೂ ನಿಧಾನ. ಹಳೆಯ ಕೈಮುದ್ರಣ ಯಂತ್ರಕ್ಕೆ ಇಬ್ಬರು ಬೇಕು, ಶಾಯಿ ಹಚ್ಚಲು ಒಬ್ಬ, ಸನ್ನೆ ಎಳೆಯಲು ಒಬ್ಬ. ಇಬ್ಬರೂ ಗಟ್ಟಿಗರಾದರೆ ಗಂಟೆಗೆ 250 ಹಾಳೆ, ಅದೂ ಒಂದು ಮಗ್ಗುಲು. ಸಾವಿರ ಪ್ರತಿಗೆ ಎರಡೂ ಮಗ್ಗುಲು ಎಂದರೆ ಎಂಟು ಗಂಟೆ. ಕಾಗದವನ್ನು ಹಿಂದಿನ ದಿನವೇ ತೇವ ಮಾಡಿಟ್ಟಿರಬೇಕು, ಒಣ ಕಾಗದ ಶಾಯಿ ಹಿಡಿಯುವುದಿಲ್ಲ. ಶಾಯಿ ಎಂದರೆ ಕುದಿಸಿದ ಅಗಸೆ ಎಣ್ಣೆಯಲ್ಲಿ ಅರೆದ ದೀಪದ ಕಾಡಿಗೆ. ತೆಳುವಾದರೆ ಅಕ್ಷರದ ಸುತ್ತ ಎಣ್ಣೆ ಕಲೆ, ಗಟ್ಟಿಯಾದರೆ ಕಾಗದವೇ ಕಿತ್ತು ಬರುತ್ತದೆ. ಕೆಲಸ ಮುಗಿದ ಮೇಲೆ ಮೊಳೆ ತೊಳೆದು ಮತ್ತೆ ಅವುಗಳ ಮನೆಗೆ ಹಂಚಬೇಕು. ಜೋಡಿಸಿದ್ದರ ಕಾಲುಭಾಗದಷ್ಟು ಹೊತ್ತು ಅದಕ್ಕೂ ಬೇಕು. ಯಾರ ಲೆಕ್ಕಕ್ಕೂ ಬಾರದ ಹೊತ್ತು ಅದು. ಇಷ್ಟು ಗೊತ್ತಿದ್ದರೆ ವಿಲಿಯಂನ ಪತ್ರಿಕೆ ಮೊದಮೊದಲು ಒಂಟಿ ಹಾಳೆಯಾಗಿ ಯಾಕೆ ಹೊರಬರುತ್ತದೆ ಎಂದು ಕೇಳಬೇಕಾಗಿಲ್ಲ.

ಮೊಳೆ ಹಂಚುವಾಗಲೇ ತಪ್ಪಿನ ಬೀಜ ಬೀಳುವುದು. ಒಂದು ಅಕ್ಷರ ಪಕ್ಕದ ಮನೆಗೆ ಬಿದ್ದರೆ ನಾಳೆ ಕಂಪೋಸಿಟರ್‌ನ ಬೆರಳು ನಂಬಿಕೆಯಿಂದ ಅದನ್ನೇ ಎತ್ತುತ್ತದೆ. ಕಾದಂಬರಿಯ ಪತ್ರಿಕೆಯ ಹೆಸರು ‘ಅಂಖ್-ಮೊರ್ಪೋರ್ಕ್ ಟೈಮ್ಸ್’. ಅದರ ತಲೆಮೇಲೆ, ಸತ್ಯವು ನಿಮ್ಮನ್ನು ಸ್ವತಂತ್ರರನ್ನಾಗಿ ಮಾಡುತ್ತದೆ ಎಂಬ ಬೈಬಲ್ಲಿನ ಮಾತು ಇರಬೇಕಿತ್ತು. ‘ಫ್ರೀ’ ಎಂಬ ಪದದ ಕೊನೆಯ ಒಂದಕ್ಷರ ಬದಲಾಗಿ ‘ಫ್ರೆಟ್’ ಆಗುತ್ತದೆ. ಸತ್ಯವು ನಿಮ್ಮನ್ನು ಕಳವಳಕ್ಕೆ ಈಡುಮಾಡುತ್ತದೆ! ಇದನ್ನು ಕನ್ನಡಕ್ಕೆ ತರುವುದು ಹೇಗೆ? ‘ಸತ್ಯ ನಿಮ್ಮನ್ನು ಬಿಡಿಸುತ್ತದೆ’ ಎಂದು ಜೋಡಿಸಲು ಕೊಡಿ. ‘ಬಿ’ ಇರುವಲ್ಲಿ ‘ಬ’ ಕೂತರೆ ‘ಸತ್ಯ ನಿಮ್ಮನ್ನು ಬಡಿಸುತ್ತದೆ’. ಎಲೆಯ ಮೇಲೆ, ಉಪ್ಪಿನಕಾಯಿ ಪಕ್ಕದಲ್ಲಿ. ಒಂದು ಮೊಳೆಯ ವ್ಯತ್ಯಾಸ ಅಷ್ಟೆ. ಅನುವಾದ ಮಾಡುವವರು ಬೇಕಾದರೆ ಇಟ್ಟುಕೊಳ್ಳಿ.

ಕನ್ನಡದ ಮಾತು ಬಂತು. ಇಂಗ್ಲಿಷಿನಲ್ಲಿ ಸುಮಾರು ಎಂಟು ಅಕ್ಷರಕ್ಕೊಂದು ‘ಇ’. ಆರು ಸಾವಿರ ಅಕ್ಷರದ ಪುಟಕ್ಕೆ 750 ‘ಇ’ ಮೊಳೆ ಇಲ್ಲದಿದ್ದರೆ ಕೆಲಸ ಅರ್ಧಕ್ಕೆ ನಿಲ್ಲುತ್ತದೆ. ಆದರೂ ಅವರ ಕೇಸು ಎರಡೇ ತಟ್ಟೆ, ನಿಂತಲ್ಲೇ ಕೈಗೆ ಎಟುಕುತ್ತದೆ. ನಮ್ಮಲ್ಲಿ ಮೂಲಾಕ್ಷರ, ಗುಣಿತ, ಒತ್ತು, ಸೊನ್ನೆ ಎಲ್ಲ ಸೇರಿ ನೂರಾರು ಮನೆ. ಕನ್ನಡದ ಕಂಪೋಸಿಟರ್ ಅಕ್ಷರಗಳ ನಡುವೆ ನಡೆದಾಡಬೇಕು. ಹಾಗಾಗಿ 1843ರ ಜುಲೈ 1ರಂದು ಹೆರ್ಮನ್ ಮೋಗ್ಲಿಂಗ್ ‘ಮಂಗಳೂರ ಸಮಾಚಾರ’ ಹೊರತಂದಾಗ ಅದು ಮೊಳೆಯಲ್ಲಿ ಬರಲಿಲ್ಲ ಎಂಬುದರಲ್ಲಿ ಅಚ್ಚರಿ ಇಲ್ಲ. ಬಾಸೆಲ್ ಮಿಷನ್ನಿನ ಬಳಿ ಇದ್ದದ್ದು ಕಲ್ಲಚ್ಚು.

ಕಲ್ಲಚ್ಚು ಇನ್ನೊಂದೇ ಲೋಕ. ನಯವಾಗಿ ತಿಕ್ಕಿದ ಸುಣ್ಣಕಲ್ಲಿನ ಮೇಲೆ ಜಿಡ್ಡಿನ ಮಸಿಯಲ್ಲಿ ಬರಹ ಮೂಡಿಸಬೇಕು. ಆಮೇಲೆ ಕಲ್ಲಿಗೆ ನೀರು ಸವರಬೇಕು. ಬರಹವಿಲ್ಲದ ಜಾಗ ನೀರು ಕುಡಿಯುತ್ತದೆ, ಜಿಡ್ಡಿನ ಅಕ್ಷರ ಕುಡಿಯುವುದಿಲ್ಲ. ಶಾಯಿಯ ಉರುಳೆ ಹೊರಳಿಸಿದರೆ ಶಾಯಿ ಜಿಡ್ಡಿಗೆ ಮಾತ್ರ ಅಂಟುತ್ತದೆ. ಒತ್ತಿದ ಪ್ರತಿ ಹಾಳೆಗೂ ಮತ್ತೆ ನೀರು, ಮತ್ತೆ ಶಾಯಿ. ಮೊಳೆ ಎರಕದ ರಗಳೆ ಇಲ್ಲ, ಒಳ್ಳೆಯ ಕೈಬರಹದವನೊಬ್ಬ ಸಿಕ್ಕರೆ ನೂರಾರು ಮನೆಯ ಕೇಸೂ ಬೇಡ. ಆದರೆ ಬರೆದದ್ದನ್ನು ತಿದ್ದುವುದು ಕಷ್ಟ. ಕಲ್ಲು ತಿಕ್ಕಿ ಅಳಿಸಿದ ಮೇಲೆಯೇ ಮುಂದಿನ ಪುಟ. ನಾಲ್ಕು ಪುಟ, ಎರಡು ವಾರಕ್ಕೊಮ್ಮೆ, ಆ ವೇಗಕ್ಕೆ ಅದು ಸರಿಹೋಗುತ್ತಿತ್ತು. ಊರಿನ ವರ್ತಮಾನ, ಸರ್ಕಾರದ ಆಜ್ಞೆ, ಹೊರದೇಶದ ಸುದ್ದಿ, ಕಥೆ ಎಲ್ಲವೂ ಅದರಲ್ಲಿತ್ತು. ಮುಂದಿನ ವರ್ಷ ಪತ್ರಿಕೆ ಬಳ್ಳಾರಿಗೆ ಹೋಗಿ ‘ಕನ್ನಡ ಸಮಾಚಾರ’ ಆದಾಗ ಮೊಳೆಯಲ್ಲಿ ಅಚ್ಚಾಯಿತು. ಜುಲೈ 1ರಂದು ನಾವು ಪತ್ರಿಕಾ ದಿನ ಆಚರಿಸುತ್ತೇವೆ, ಸಂಪಾದಕರ ಭಾವಚಿತ್ರಕ್ಕೆ ಹಾರ ಬೀಳುತ್ತದೆ. ಆ ಕಲ್ಲಿಗೂ ಒಂದು ಹೂವು ಇಡಬಹುದು.

ಕಾದಂಬರಿಗೆ ಹಿಂತಿರುಗೋಣ. ಪತ್ರಿಕೆ ನಾಲ್ಕು ಕಾಸು ಮಾಡಲು ಶುರುಮಾಡಿದ್ದೇ ಕೆತ್ತನೆಗಾರರ ಸಂಘಕ್ಕೆ ಉರಿ ಹತ್ತುತ್ತದೆ. ಅವರು ಮಾಡುವ ಮೊದಲ ಕೆಲಸ ಏನು? ಲೇಖನ ಬರೆದು ವಿರೋಧಿಸುವುದಿಲ್ಲ. ಕಾಗದ ಸಿಗದಂತೆ ಮಾಡುತ್ತಾರೆ. ಎರಡನೆಯದು, ‘ಇನ್‌ಕ್ವೈರರ್’ ಎಂಬ ತಮ್ಮದೇ ಪತ್ರಿಕೆಯನ್ನು ಕಡಿಮೆ ಬೆಲೆಗೆ ಬಿಡುತ್ತಾರೆ. ಅದರಲ್ಲಿ ಹೆಂಗಸೊಬ್ಬಳು ನಾಗರಹಾವು ಹೆತ್ತಳು ಎಂಬಂಥ ಸುದ್ದಿ. ವಿಲಿಯಂ ಊರೆಲ್ಲ ಅಲೆದು, ಹೆಸರು ಕೇಳಿ, ಹೆಸರಿನ ಕಾಗುಣಿತವನ್ನೂ ಕೇಳಿ ಬರೆದುಕೊಂಡು ಬರಬೇಕು. ನಾಗರಹಾವಿನ ಸುದ್ದಿ ಮೇಜಿನ ಮುಂದೆ ಕೂತಲ್ಲೇ ಹುಟ್ಟುತ್ತದೆ, ಖರ್ಚಿಲ್ಲ. ವಿಲಿಯಂ ಊಟ ಮಾಡುವ ಖಾನಾವಳಿಯಂಥ ಮನೆಯಲ್ಲಿ, ಮಿಸೆಸ್ ಆರ್ಕೇನಮ್ ಅವರ ಮೇಜಿನ ಸುತ್ತ ಕೂತವರ ವಾದ ಕೇಳಬೇಕು ನೀವು: ನಿಜವಲ್ಲದಿದ್ದರೆ ಅಚ್ಚುಹಾಕಲು ಬಿಡುತ್ತಿದ್ದರೇ? ಬಿಡದೆ ಇರಬೇಕಾದವರು ಯಾರು ಎಂದು ಯಾರೂ ಕೇಳುವುದಿಲ್ಲ. ಮೊಬೈಲಿನಲ್ಲಿ ಬಂದ ಸುದ್ದಿಯ ಬಗ್ಗೆ ಇದೇ ಮಾತನ್ನು ನೀವೂ ಯಾವುದಾದರೂ ಮದುವೆ ಮನೆಯಲ್ಲಿ ಕೇಳಿರುತ್ತೀರಿ.

ಕಾಗದದ ವಿಷಯದಲ್ಲಿ ಪ್ರವೇಶವಾಗುವವನು ಹ್ಯಾರಿ ಕಿಂಗ್. ಊರಿನ ಕಸ, ಮಲ, ಮೂತ್ರ ಎಲ್ಲ ಹೊತ್ತು, ಬೇರ್ಪಡಿಸಿ, ಮಾರಿ ಕೋಟ್ಯಧೀಶನಾದವನು. ಮೂತ್ರ ಚರ್ಮ ಹದಮಾಡುವವರಿಗೆ, ಚಿಂದಿ ಕಾಗದಕ್ಕೆ. ಹಳೆಯ ಕಾಲದಲ್ಲಿ ಕಾಗದ ಮಾಡುತ್ತಿದ್ದದ್ದು ಹತ್ತಿ ಮತ್ತು ನಾರಗಸೆಯ ಹಳೇ ಬಟ್ಟೆಯಿಂದಲೇ. ಚಿಂದಿ ಆಯುವವರಿಲ್ಲದೆ ಯುರೋಪಿನ ಪತ್ರಿಕೆಗಳೇ ಇರುತ್ತಿರಲಿಲ್ಲ. ಹ್ಯಾರಿಯ ಬಳಿ ದುಡ್ಡಿದೆ, ಮರ್ಯಾದಸ್ತರ ನಡುವೆ ಅವನಿಗೆ ಜಾಗವಿಲ್ಲ, ಮನೆಯ ಮದುವೆಯ ವರದಿ ಪತ್ರಿಕೆಯಲ್ಲಿ ಲಕ್ಷಣವಾಗಿ ಬರಬೇಕೆಂಬ ಆಸೆ. ಇಡೀ ಪುಸ್ತಕದಲ್ಲಿ ನನಗೆ ಅತ್ಯಂತ ಗಟ್ಟಿಯಾಗಿ ಕಾಣುವ ಪಾತ್ರ ಇವನದು. ಸಣ್ಣ ಊರಿನ ಪತ್ರಿಕೆಯವರಿಗೆ ಜಾಹೀರಾತು ಕೊಡುವವರ ಮುಖ ಇವನಲ್ಲಿ ಕಾಣುತ್ತದೆ.

ಹೀಗೆ ಪತ್ರಿಕೆಯ ದಾರಿಗೆ ಅಡ್ಡ ಹಾಕುವುದು ಬರೀ ಕಲ್ಪನೆ ಎನ್ನಬೇಡಿ. 1780ರ ಜನವರಿ 29ರಂದು ಕಲ್ಕತ್ತದಲ್ಲಿ ಜೇಮ್ಸ್ ಅಗಸ್ಟಸ್ ಹಿಕ್ಕಿ ‘ಬೆಂಗಾಲ್ ಗೆಜೆಟ್’ ಎಂಬ ವಾರಪತ್ರಿಕೆ ಶುರುಮಾಡಿದ. ಭಾರತದ ಮೊದಲ ಮುದ್ರಿತ ಪತ್ರಿಕೆ ಅದು. ಗವರ್ನರ್ ಜನರಲ್ ವಾರನ್ ಹೇಸ್ಟಿಂಗ್ಸ್‌ನನ್ನೂ ಅವನ ಬಳಗವನ್ನೂ ಹಿಗ್ಗಾಮುಗ್ಗಾ ಜಗ್ಗಿದ. ಅದೇ ವರ್ಷದ ನವೆಂಬರಿನಲ್ಲಿ ‘ಇಂಡಿಯಾ ಗೆಜೆಟ್’ ಎಂಬ ಪ್ರತಿಸ್ಪರ್ಧಿ ಪತ್ರಿಕೆ ಹುಟ್ಟಿತು, ಅದಕ್ಕೆ ಅಂಚೆಯ ಸೌಲಭ್ಯ ಸಿಕ್ಕಿತು. ಹಿಕ್ಕಿಯ ಪತ್ರಿಕೆ ಅಂಚೆಯಲ್ಲಿ ಹೋಗದಂತೆ ಅದೇ ತಿಂಗಳು ಆಜ್ಞೆಯಾಯಿತು. 1781ರಲ್ಲಿ ಅವನು ಜೈಲು ಸೇರಿದ, ಪತ್ರಿಕೆ ಜೈಲಿನಿಂದಲೇ ನಡೆಯಿತು. ಅದು ನಿಂತದ್ದು 1782ರಲ್ಲಿ, ಅವನ ಮೊಳೆಗಳನ್ನು ಜಪ್ತಿ ಮಾಡಿದಾಗ. ಮಾಂತ್ರಿಕರು ಮೊಳೆಗೆ ಹೆದರಿದ್ದು ನೆನಪಿದೆಯಲ್ಲ? ಮನುಷ್ಯನನ್ನು ಕೂಡಿಹಾಕಿದರೂ ನಿಲ್ಲದ್ದು ಸೀಸದ ಪೆಟ್ಟಿಗೆ ಹೊತ್ತೊಯ್ದ ಮೇಲೆ ನಿಂತಿತು.

ಪತ್ರಿಕೆಗೆ ಚಿತ್ರ ಬೇಕಲ್ಲ, ಅದಕ್ಕೆ ಆಟೊ ಕ್ರೀಕ್ ಇದ್ದಾನೆ. ಅವನು ರಕ್ತ ಬಿಟ್ಟ ರಕ್ತಪಿಶಾಚಿ, ಕುಡಿತ ಬಿಟ್ಟವರ ಹಾಗೆ ಸಂಘ ಸೇರಿ ವ್ರತ ಹಿಡಿದವನು. ಬೆಳಕೆಂದರೆ ಪ್ರಾಣ, ಬೆಳಕು ಬಿದ್ದರೆ ಪ್ರಾಣಾಂತ. ಅವನ ಪೆಟ್ಟಿಗೆಯೊಳಗೆ ಕುಳಿತ ಪುಟ್ಟ ಭೂತ ಚಿತ್ರ ಬಿಡಿಸುತ್ತದೆ. ಫ್ಲಾಶ್‌ಗೆ ಬೆಳಕು ಹೀರಿ ಕಕ್ಕುವ ಸಲಮಾಂಡರ್ ಹಲ್ಲಿಗಳು. ಪ್ರತಿ ಸಲ ಫ್ಲಾಶ್ ಹೊಡೆದಾಗಲೂ ಆಟೊ ಚೀರಿ ಬೂದಿಯಾಗಿ ಉದುರುತ್ತಾನೆ. ಕಡೆಗೊಂದು ಉಪಾಯ ಕಂಡುಕೊಳ್ಳುತ್ತಾನೆ: ಕೊರಳಲ್ಲಿ ರಕ್ತದ ಪುಟ್ಟ ಶೀಶೆ. ಅವನು ಬೂದಿಯಾದರೆ ಶೀಶೆ ಬಿದ್ದು ಒಡೆಯುತ್ತದೆ, ರಕ್ತ ಬೂದಿಗೆ ತಾಗುತ್ತದೆ, ಮನುಷ್ಯ ಎದ್ದು ಕೂರುತ್ತಾನೆ. ಎಂಜಿನಿಯರ್ ಮೆಚ್ಚುವ ಪರಿಹಾರ ಇದು. ನಿಜ ಲೋಕದಲ್ಲೂ ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಮೆಗ್ನೀಸಿಯಂ ಪುಡಿಯ ಫ್ಲಾಶ್ ಬಂದಾಗ ಹುಬ್ಬು, ಕೈ ಸುಟ್ಟುಕೊಂಡ ಫೋಟೋಗ್ರಾಫರ್‌ಗಳಿಗೇನೂ ಕಡಿಮೆ ಇರಲಿಲ್ಲ. ಆಟೊ ಪ್ರಯೋಗಿಸುವ ‘ಕತ್ತಲ ಬೆಳಕು’ ಎಂಬುದೂ ಒಂದಿದೆ, ಅದು ನಡೆದುಹೋದದ್ದನ್ನೂ ಚಿತ್ರಿಸಬಲ್ಲದು. ನನ್ನ ಮಟ್ಟಿಗೆ ಅದು ಕಥೆಗಾರ ತನಗೆ ತಾನೇ ಕೊಟ್ಟುಕೊಂಡ ರಿಯಾಯಿತಿ. ಅಷ್ಟು ಬೆವರಿಳಿಸಿ ಸಾಕ್ಷ್ಯ ಕೂಡಿಸುತ್ತಿರುವ ವರದಿಗಾರನಿಗೆ ಮಂತ್ರದ ಫೋಟೋ ಯಾಕೆ?

ಸಾಕ್ಷ್ಯದ ಭಾಗವನ್ನು ಪತ್ರಿಕೋದ್ಯಮದ ವಿದ್ಯಾರ್ಥಿಗಳು ಎರಡು ಸಲ ಓದಬೇಕು. ನಗರದ ಆಡಳಿತಗಾರ ವೆಟಿನರಿ ತನ್ನ ಗುಮಾಸ್ತನಿಗೆ ಚೂರಿ ಹಾಕಿ, 70,000 ಡಾಲರ್ ಹೊತ್ತು ಕುದುರೆ ಹತ್ತಿ ಓಡಲು ಹೊರಟಿದ್ದ ಎಂಬ ಆರೋಪ. ಊರೆಲ್ಲ ಆತ ಹಾಗೆ ಮಾಡುವವನೇ ಅಲ್ಲವೇ ಎಂದು ಚರ್ಚಿಸುತ್ತಿದೆ. ವಿಲಿಯಂ ಕೇಳುವ ಪ್ರಶ್ನೆ ಬೇರೆ: ಅಷ್ಟು ಚಿನ್ನದ ನಾಣ್ಯದ ತೂಕ ಎಷ್ಟು? ಲೆಕ್ಕ ಹಾಕಿದರೆ ಒಬ್ಬ ಮನುಷ್ಯ ಎತ್ತಿ ಕುದುರೆಗೆ ಹೇರುವ ಭಾರವಲ್ಲ ಅದು. ಗುಣ, ಸ್ವಭಾವ, ರಾಜಕೀಯ ಎಲ್ಲವನ್ನೂ ಪಕ್ಕಕ್ಕಿಟ್ಟು ತಕ್ಕಡಿ ಹಿಡಿದ ಈ ಒಂದು ಪ್ರಶ್ನೆಗೆ ನಾನು ಕತ್ತಲ ಬೆಳಕಿನ ಹತ್ತು ಚಿತ್ರಗಳನ್ನು ಬಿಟ್ಟುಕೊಡುತ್ತೇನೆ.

ವಿಲಿಯಂ ಮಾಡುವ ಒಂದು ತಪ್ಪೂ ಇದೆ, ಅದೂ ಪಾಠವೇ. ಘಟನೆಯನ್ನು ಕಂಡದ್ದು ವೆಟಿನರಿಯ ಮುದಿ ನಾಯಿ ವಫಲ್ಸ್, ಅದು ತಪ್ಪಿಸಿಕೊಂಡಿದೆ. ವಿಲಿಯಂ ಅದರ ಸುಳಿವಿಗೆ ಬಹುಮಾನ ಘೋಷಿಸಿ ಅಚ್ಚುಹಾಕಿಬಿಡುತ್ತಾನೆ. ಮರುದಿನ ಕಚೇರಿಯ ಮುಂದೆ ಊರಿನ ನಾಯಿಗಳೆಲ್ಲ ಹಾಜರು. ಒಬ್ಬನಂತೂ ಗಿಳಿ ತಂದಿದ್ದಾನೆ, ಅದಕ್ಕೆ ಬೊಗಳಲು ಕಲಿಸಿ, ಮೈಮೇಲೆ ‘ನಾಯಿ’ ಎಂದು ಬರೆದು. ಬಹುಮಾನದ ಪ್ರಕಟಣೆಯಲ್ಲಿ ಗುರುತು ಹಿಡಿಯುವ ವಿವರ ಪೂರ್ತಿ ಕೊಟ್ಟರೆ ವಂಚಕರಿಗೆ ಅನುಕೂಲ, ಕೊಡದಿದ್ದರೆ ಪ್ರಾಮಾಣಿಕರಿಗೆ ಕಷ್ಟ. ಒಂದು ವಿವರವನ್ನು ಕೈಯಲ್ಲೇ ಉಳಿಸಿಕೊಳ್ಳಬೇಕು ಎಂಬುದು ಆ ಗಿಳಿಯನ್ನು ಕಂಡ ಮೇಲೆ ಯಾರಿಗಾದರೂ ಹೊಳೆಯುತ್ತದೆ. ನಿಜವಾದ ಸುಳಿವು ಕೊಡುವವನು ಗ್ಯಾಸ್ಪೋಡ್, ಮಾತಾಡುವ ಬೀದಿನಾಯಿ. ಅವನು ಇಟ್ಟುಕೊಂಡ ಗುಪ್ತನಾಮ ‘ಡೀಪ್ ಬೋನ್’. ಅಮೆರಿಕದ ವಾಟರ್‌ಗೇಟ್ ಹಗರಣದ ಗುಪ್ತ ಮಾಹಿತಿದಾರನ ಅಡ್ಡಹೆಸರು ‘ಡೀಪ್ ಥ್ರೋಟ್’ ಎಂದು ಗೊತ್ತಿರುವವರು ಇಲ್ಲಿ ನಗುತ್ತಾರೆ.

ಓದಲು ಹೊರಡುವವರಿಗೆ ಎರಡು ಮಾತು. ಇದು ಡಿಸ್ಕ್‌ವರ್ಲ್ಡ್ ಸರಣಿಯ 25ನೆಯ ಕಾದಂಬರಿ, ಆದರೆ ಹಿಂದಿನ ಇಪ್ಪತ್ನಾಲ್ಕನ್ನು ಓದಿರಬೇಕಾಗಿಲ್ಲ. ಪೊಲೀಸ್ ಮುಖ್ಯಸ್ಥ ವೈಮ್ಸ್ ಬೇರೆ ಪುಸ್ತಕಗಳಲ್ಲಿ ನಾಯಕ. ಇಲ್ಲಿ ವರದಿಗಾರನ ಕಣ್ಣಿನಿಂದ ನೋಡುವುದರಿಂದ ಅವನು ಸಿಡುಕನಂತೆ ಕಾಣುತ್ತಾನೆ, ಹಾಗೆ ಕಾಣುವುದೇ ಸರಿ. ಎರಡನೆಯದು, ಪುಸ್ತಕದ ಆರಂಭದ ಲೇಖಕರ ಟಿಪ್ಪಣಿಯನ್ನು ಹಾರಿಸಬೇಡಿ. ಅಂಖ್-ಮೊರ್ಪೋರ್ಕ್ ನೆರೆಗೆ ಬೇಸತ್ತು ಬೀದಿಗಳನ್ನೇ ಎತ್ತರಿಸಿಕೊಂಡ ಊರು, ಹಳೆಯ ನೆಲಮಹಡಿಗಳೆಲ್ಲ ನೆಲಮಾಳಿಗೆಗಳಾಗಿವೆ. ಸೀಸ ಹನಿಯುವ ಆ ನೆಲಮಾಳಿಗೆ ಬಂದದ್ದೂ ಹಾಗೆಯೇ. ಇದು ಅತಿಯಾಯಿತು ಎಂದು ಓದುಗರು ಅಂದುಕೊಂಡಾರೆಂದು ಪ್ರಾಚೆಟ್ ಮೊದಲೇ ಹೇಳಿಬಿಡುತ್ತಾರೆ: ಅಮೆರಿಕದ ಸಿಯಾಟಲ್ ನಗರ ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಹೆಚ್ಚುಕಡಿಮೆ ಇದನ್ನೇ ಮಾಡಿತು, ಬೇಕಾದರೆ ಹೋಗಿ ನೋಡಿ. ಹೋದವರು ಅಲ್ಲಿನ ಚಿಪ್ಪುಮೀನಿನ ಸೂಪು ಕುಡಿದು ಬರಬೇಕಂತೆ.